ಬಣ್ಣ ಬಳಿಯುವ ಮುನ್ನ ಮಂಚವನ್ನೊಮ್ಮೆ ತಟ್ಟಿ ನೋಡಿ

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟವರಿಗೆ ಹದಿನಾಲ್ಕು ಹದಿನೈದು ಕಿಲೋಮೀಟರ್ ದೂರದಲ್ಲಿ ಸಿಗುವ ಇಲವಾಲ ಚರಿತ್ರೆಗೆ ಅಪರಿಚಿತ ಹೆಸರಲ್ಲ. ಒಂದು ಕಾಲದಲ್ಲಿ ಬ್ರಿಟಿಷ್ ರೆಸಿಡೆಂಟರ ಬಂಗಲೆಯಿದ್ದ ಊರಿದು. 1957ರ ಸೆಪ್ಟೆಂಬರ್‌ನಲ್ಲಿ ವಿನೋಬಾ ಭಾವೆಯವರೊಂದಿಗೆ ಜವಾಹರಲಾಲ್ ನೆಹರೂ ಮೊದಲಾದ ನಾಯಕರು ಕಲೆತು ಗ್ರಾಮದಾನದ ಬಗ್ಗೆ ಸಮಾಲೋಚಿಸಿದ್ದು ಇಲ್ಲಿಯೇ. ಭೂಮಿಯನ್ನು ದಾನವಾಗಿ ಕೊಡುವ ಮಾತು ನಡೆದ ಊರಿನ ಸುತ್ತ ಇಂದು ಭೂಮಿ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ಬಡಾವಣೆಗಳು ಎದ್ದಿವೆ, ಮನೆಗಳು ಏಳುತ್ತಿವೆ. ಹಾಗೆ ಎದ್ದ ಹೊಸ ಮನೆಗಳ ಮುಂದೆ ನಿಲ್ಲುವ ಸಾಮಾನಿನ ಲಾರಿಗಳಲ್ಲಿ ಒಂದು ವಸ್ತು ಮಾತ್ರ ಪ್ರತಿಸಲವೂ ಚರ್ಚೆಗೆ ಕಾರಣವಾಗುತ್ತದೆ. ಅದು ಅಜ್ಜನ ಕಾಲದ ಮಂಚ.

ಹಳೆಯ ಮನೆಯ ನಡುಮನೆಯಲ್ಲಿ ಗಾಂಭೀರ್ಯದಿಂದ ಇದ್ದ ಮಂಚ ಹೊಸ ಮನೆಯ ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ ಅಪ್ರಸ್ತುತವಾಗಿ ಕಾಣುತ್ತದೆ. ಗೋಡೆಗೆ ತಿಳಿ ಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸ್, ನಡುವೆ ಕಪ್ಪಿಟ್ಟ ಕಾಲುಗಳ, ಮೆರುಗು ಕಳೆದುಕೊಂಡ ಈ ಭಾರವಾದ ಜೀವಿ. ಇದುವರೆಗೆ ಇಂಥ ಮಂಚಗಳಿಗೆ ಮೂರು ಗತಿಗಳಿದ್ದವು. ಒಂದು, ಹಳೆಯ ಸಾಮಾನಿನ ವ್ಯಾಪಾರಿಗೆ ಸಿಕ್ಕಷ್ಟಕ್ಕೆ ಮಾರುವುದು. ಎರಡು, ಮಾಳಿಗೆಯ ಮೂಲೆಯಲ್ಲಿಟ್ಟು ಮಳೆ ಗೆದ್ದಲುಗಳಿಗೆ ಒಪ್ಪಿಸುವುದು. ಮೂರು, ಸೀಳಿ ಬಚ್ಚಲೊಲೆಗೆ ಹಾಕುವುದು. ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ದಾರಿ ಜನಪ್ರಿಯವಾಗುತ್ತಿದೆ: ಬಿಳಿಯೋ ಬೂದುಬಣ್ಣವೋ ಸಮುದ್ರನೀಲಿಯೋ ಬಳಿದು ಹೊಸದರಂತೆ ಮಾಡಿಕೊಳ್ಳುವುದು. ಒಂದು ಡಬ್ಬ ಬಣ್ಣ, ಎರಡು ಕುಂಚ, ಒಂದು ಭಾನುವಾರ. ಕೆಲಸ ಇಷ್ಟೇ ಸರಳವೆಂದು ನಮಗೆ ತೋರಿಸಿಕೊಡುವ ಚಿತ್ರಗಳಿಗೆ ಕೊರತೆಯಿಲ್ಲ.

ಈ ನಾಲ್ಕನೆಯ ದಾರಿ ಮೊದಲ ಮೂರಕ್ಕಿಂತ ಖಂಡಿತವಾಗಿಯೂ ಮೇಲು. ಆದರೆ ಅದು ನಾವು ತಿಳಿದಷ್ಟು ನಿರುಪದ್ರವಿಯಲ್ಲ. ಬಳಿಯುವ ಬಣ್ಣದ ಕೆಳಗೆ ಯಾವ ಮರವಿದೆ, ಆ ಮರದ ಮೇಲೆ ಮೊದಲೇ ಯಾವ ಬಣ್ಣವಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಕುಂಚ ಹಿಡಿದರೆ ಎರಡು ಬಗೆಯ ನಷ್ಟಗಳು ಕಾದಿವೆ. ಮೊದಲನೆಯದು ಮತ್ತೆ ದೊರೆಯದ ಮರದ ನಷ್ಟ. ಎರಡನೆಯದು ಮನೆಯ ಮಕ್ಕಳ ಆರೋಗ್ಯದ ನಷ್ಟ. ಎರಡನೆಯದು ಕಣ್ಣಿಗೆ ಕಾಣದ್ದು, ಆದ್ದರಿಂದಲೇ ಹೆಚ್ಚು ಗಂಭೀರವಾದದ್ದು.

ಮರಕ್ಕೆ ಬಣ್ಣ ಹಚ್ಚುವುದು ನಮ್ಮ ಸಂಸ್ಕೃತಿಗೆ ಹೊರಗಿನದು, ಮರವೆಂದರೆ ಅದರ ಸಹಜ ಎಳೆಗಳೇ ಕಾಣಬೇಕು ಎಂದು ವಾದಿಸುವ ಹಿರಿಯರಿದ್ದಾರೆ. ಈ ವಾದ ಪೂರ್ತಿ ನಿಜವಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲನ್ನು ಕಂಡವರು ಹಾಗೆನ್ನಲಾರರು. ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಮೈತುಂಬ ಹೊತ್ತ ಆ ತೊಟ್ಟಿಲು ತಲೆಮಾರುಗಳನ್ನು ದಾಟಿಯೂ ಬಣ್ಣಗೆಡುವುದಿಲ್ಲವೆಂಬುದು ಆ ಭಾಗದವರ ಹೆಮ್ಮೆ. 2018ರಲ್ಲಿ ತೀರಿಕೊಂಡ ನಟ ಅಂಬರೀಷ್ ಅವರು ನಟ ಯಶ್ ದಂಪತಿಯ ಮಗುವಿಗೆಂದು ಮುಂಚಿತವಾಗಿಯೇ ಇಂಥದೊಂದು ತೊಟ್ಟಿಲನ್ನು ಮಾಡಲು ಹೇಳಿದ್ದರೆಂಬುದು ಅವರ ನಿಧನದ ಅನಂತರ ಸುದ್ದಿಯಾದಾಗ ಕಲಘಟಗಿಯ ಹೆಸರು ರಾಜ್ಯದ ತುಂಬ ಕೇಳಿಬಂದಿತ್ತು. ಮೈಸೂರಿಗೆ ಹತ್ತಿರದ ಚನ್ನಪಟ್ಟಣದಲ್ಲಿ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಯಿಂದಲೇ ಅದನ್ನು ಕರಗಿಸಿ, ಅನಂತರ ಎಲೆಯಿಂದ ತೀಡಿ ಹೊಳಪು ತರುತ್ತಾರೆ. ಕೊಪ್ಪಳದ ಕಿನ್ನಾಳದಲ್ಲಿ ದೇವತಾಮೂರ್ತಿಗಳಿಗೂ ವಾಹನಗಳಿಗೂ ಬಣ್ಣವೇ ಜೀವ. ಮರಕ್ಕೆ ಬಣ್ಣ ಕೊಡುವುದು ಕನ್ನಡನಾಡಿಗೆ ಹೊಸತಲ್ಲ. ಅವಸರದಲ್ಲಿ ಕೊಡುವುದಷ್ಟೇ ಹೊಸತು.

ಇನ್ನು ಮೈಸೂರಿಗಂತೂ ಬಣ್ಣದೊಂದಿಗೆ ರಕ್ತಸಂಬಂಧವೇ ಇದೆ. ಚುನಾವಣೆ ಬಂದಾಗಲೆಲ್ಲ ದೇಶಕ್ಕೆ ನೆನಪಾಗುವ, ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಮಹಾಚುನಾವಣೆಯಿಂದ ಈ ಕೆಲಸ ನಡೆದುಬಂದಿದೆ. ಆದರೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದಾಗ ಈ ಸಂಸ್ಥೆಯ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಎಂದರೆ ಅರಗು. ಶಾಯಿಗೆ ಮೊದಲು ಈ ಕಾರ್ಖಾನೆಯ ಹೆಸರಿನಲ್ಲಿದ್ದದ್ದು ಅರಗೇ. ಹಳೆಯ ಮಂಚದ ಕಥೆಯಲ್ಲಿ ಈ ಅರಗಿಗೆ ದೊಡ್ಡ ಪಾತ್ರವಿದೆ.

ಮುತ್ತುಗ, ಸಗಡೆ, ಬೋರೆ ಮುಂತಾದ ಮರಗಳ ಎಳೆಯ ರೆಂಬೆಗಳ ಮೇಲೆ ನೆಲೆಸುವ ಒಂದು ಸಣ್ಣ ಕೀಟ ತನ್ನ ರಕ್ಷಣೆಗಾಗಿ ಸ್ರವಿಸುವ ಅಂಟೇ ಅರಗು. ಅದನ್ನು ಕೆರೆದು, ತೊಳೆದು, ಕರಗಿಸಿ ತೆಳುವಾದ ಹಾಳೆಯಾಗಿ ಎಳೆದು ಒಡೆದರೆ ಚಂದ್ರಿಕೆಗಳಂತಹ ಚಕ್ಕೆಗಳಾಗುತ್ತವೆ. ಈ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಉಂಡೆಯಿಂದ ಮರದ ಮೇಲೆ ಹತ್ತಾರು ಬಾರಿ ತೆಳುವಾಗಿ ಉಜ್ಜುವುದೇ ನಮ್ಮ ಹಿರಿಯರು ಹೇಳುತ್ತಿದ್ದ ಫ್ರೆಂಚ್ ಪಾಲಿಶ್. ಹಳೆಯ ಮೈಸೂರಿನ ಅನುಕೂಲಸ್ಥರ ಮನೆಗಳ ಮಂಚ, ಅಲ್ಮೇರ, ಕನ್ನಡಿ ಮೇಜುಗಳ ಮೇಲಿದ್ದದ್ದು ಬಹುಮಟ್ಟಿಗೆ ಇದೇ ಹೊದಿಕೆ. ಬಿಸಿ ಲೋಟ ಇಟ್ಟರೆ ಬಿಳಿಯ ವೃತ್ತ ಮೂಡುವುದು, ವರ್ಷಗಳು ಕಳೆದಂತೆ ಧೂಳು ಎಣ್ಣೆಗಳನ್ನು ಹೀರಿ ಕಪ್ಪಾಗುವುದು ಇದರ ದೋಷ. ಆದರೆ ಇದರಷ್ಟು ಸುಲಭವಾಗಿ ದುರಸ್ತಿಗೆ ಒಗ್ಗುವ ಹೊದಿಕೆ ಮತ್ತೊಂದಿಲ್ಲ. ಹೊಸ ಪದರ ಹಳೆಯ ಪದರದೊಳಗೆ ಕರಗಿ ಒಂದಾಗುತ್ತದೆ.

ಆದ್ದರಿಂದ ಬಣ್ಣದ ಡಬ್ಬ ತೆರೆಯುವ ಮುನ್ನ ಮಾಡಬೇಕಾದ ಮೊದಲ ಪರೀಕ್ಷೆ ಅತ್ಯಂತ ಸರಳವಾದದ್ದು. ಮಂಚದ ತಲೆಹಲಗೆಯ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದಿಷ್ಟು ಉಜ್ಜಬೇಕು. ಹೊದಿಕೆ ಮೆತ್ತಗಾಗಿ ಹತ್ತಿಗೆ ಕಂದುಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್. ಅದರ ಕೆಳಗಿನಿಂದ ನೇರಳೆಗಪ್ಪು ಎಳೆಗಳು ಇಣುಕಿದರೆ, ಮಂಚದ ಒಂದು ಕಾಲನ್ನು ಎತ್ತಲು ಹೋದಾಗ ನಿರೀಕ್ಷೆಗೆ ಮೀರಿದ ಭಾರ ಕೈಗೆ ತಿಳಿದರೆ, ಆ ಮಂಚ ಬೀಟೆಯದಾಗಿರುವ ಸಂಭವ ಹೆಚ್ಚು. ಅಂಥ ಮಂಚಕ್ಕೆ ಬಣ್ಣ ಬಳಿಯಬಾರದು.

ಇದು ಕೇವಲ ಭಾವುಕತೆಯ ಮಾತಲ್ಲ. ಬೀಟೆ ಇಂದು ಅಳಿವಿನ ಅಪಾಯ ಎದುರಿಸುತ್ತಿರುವ ಮರಗಳ ಪಟ್ಟಿಯಲ್ಲಿದೆ. ಬೀಟೆಯ ಕುಲಕ್ಕೆ ಸೇರಿದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಜಾಗತಿಕ ಒಪ್ಪಂದವೊಂದರ ನಿಯಂತ್ರಣಕ್ಕೆ ಒಳಪಟ್ಟಿದೆ. ಮಲೆನಾಡು ಕೊಡಗುಗಳ ಕಾಡಿನಲ್ಲಿ ಈ ಮರ ಬಲಿಯಲು ಹಲವು ದಶಕಗಳು ಬೇಕು. ಅಜ್ಜ ಮಾಡಿಸಿದ ಅಗಲದ ಹಲಗೆಯನ್ನು ಮೊಮ್ಮಗ ಹಣ ಕೊಟ್ಟರೂ ಪಡೆಯುವುದು ಕಷ್ಟ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯಿಂದ ಮರ ಹೊತ್ತ ಗಾಡಿಗಳೂ ಲಾರಿಗಳೂ ಇದೇ ಇಲವಾಲದ ರಸ್ತೆಯಲ್ಲಿ ಮೈಸೂರಿನತ್ತ ಇಳಿದು ಬಂದ ಕಾಲವೊಂದಿತ್ತು. ಆ ಕಾಲ ಮುಗಿದಿದೆ. ಮನೆಯೊಳಗೆ ಉಳಿದಿರುವ ಬೀಟೆ ಕಾಡಿನಿಂದ ಬಂದ ಕೊನೆಯ ಕಂತು ಎಂದೇ ಭಾವಿಸಬೇಕು.

ಇನ್ನೊಂದು ಪ್ರಾಯೋಗಿಕ ಕಾರಣವೂ ಇದೆ. ಬೀಟೆಯ ಒಡಲಲ್ಲಿರುವ ಕೆಲವು ಸಹಜ ರಾಸಾಯನಿಕಗಳು ಎಣ್ಣೆಬಣ್ಣ ಒಣಗುವುದನ್ನೇ ತಡೆಯುತ್ತವೆ. ಎಣ್ಣೆಬಣ್ಣ ಒಣಗುವುದೆಂದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುವುದು. ಆ ಕ್ರಿಯೆಗೆ ಬೀಟೆಯೇ ಅಡ್ಡ ನಿಲ್ಲುತ್ತದೆ. ಬಳಿದು ವಾರವಾದರೂ ಅಂಟಂಟಾಗಿಯೇ ಉಳಿದ ಮಂಚಕ್ಕೆ ಬಣ್ಣದ ಕಂಪನಿಯನ್ನು ದೂರಿ ಫಲವಿಲ್ಲ. ತಲೆಹಲಗೆಯಲ್ಲಿ ಕುಸುರಿಯ ಕೆತ್ತನೆಯೋ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸಿದ ಚಿತ್ತಾರವೋ ಇದ್ದರಂತೂ ಕುಂಚವನ್ನು ದೂರವಿಡಲೇಬೇಕು. ಬೀಟೆಯಲ್ಲಿ ಚಿತ್ತಾರ ಕೂರಿಸುವ ಮೈಸೂರಿನ ಕಲೆಗೆ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿದೆ. ಹಿಂದೆ ದಂತ ಬಳಸುತ್ತಿದ್ದ ಕಡೆ ದಂತದ ಮಾರಾಟ ನಿಷೇಧವಾದ ಮೇಲೆ ಬೇರೆ ಬೇರೆ ಮರಗಳ ಸಹಜ ವರ್ಣಗಳನ್ನೂ ಇತರ ವಸ್ತುಗಳನ್ನೂ ಕುಶಲಕರ್ಮಿಗಳು ಹುಡುಕಿಕೊಂಡರು. ಅಂಥ ಕೈಚಳಕದ ಮೇಲೆ ಒಂದು ಭಾನುವಾರದ ಉತ್ಸಾಹ ಬಿಳಿಯ ಬಣ್ಣ ಸುರಿಯುವುದು ಹಸ್ತಪ್ರತಿಯ ಮೇಲೆ ಸುಣ್ಣ ಬಳಿದಂತೆ.

ಹಾಗಾದರೆ ಇಂಥ ಮಂಚಕ್ಕೆ ಹೊಸ ರೂಪವೇ ಬೇಡವೇ? ಬೇಕು. ಒದ್ದೆ ಬಟ್ಟೆಯಿಂದ ಕೊಳೆ ತೆಗೆದು, ಸ್ಪಿರಿಟ್‌ನಿಂದ ಹಳೆಯ ಅರಗನ್ನು ಮೆದುಗೊಳಿಸಿ ಒರೆಸಿ, ಹೊಸ ಅರಗಿನ ಕೆಲವು ಪದರಗಳನ್ನು ಕೊಟ್ಟರೆ ಐವತ್ತು ವರ್ಷಗಳ ಕಪ್ಪು ಕಳೆದು ಮರ ತನ್ನ ನಿಜಬಣ್ಣಕ್ಕೆ ಬರುತ್ತದೆ. ತೇಗಕ್ಕೂ ಇದೇ ಉಪಚಾರ ಸಾಕು. ಹೊಸ ನೋಟ ಬೇಕೆಂದವರು ಹಾಸಿಗೆಯ ಹೊದಿಕೆ, ಗೋಡೆಯ ಬಣ್ಣ, ದೀಪದ ಬೆಳಕುಗಳನ್ನು ಮಂಚಕ್ಕೆ ತಕ್ಕಂತೆ ಬದಲಿಸಬಹುದು. ಕೋಣೆಗೆ ಮಂಚ ಹೊಂದಬೇಕೆಂಬ ನಿಯಮವೇನಿಲ್ಲ. ಮಂಚಕ್ಕೆ ಕೋಣೆ ಹೊಂದಿಕೊಂಡರೂ ನಡೆಯುತ್ತದೆ.

ಆದರೆ ಎಲ್ಲರ ಮನೆಯ ಮಂಚ ಬೀಟೆಯದಲ್ಲ. ನಿಜ ಹೇಳಬೇಕೆಂದರೆ ಬಹುಪಾಲು ಮಧ್ಯಮವರ್ಗದ ಮನೆಗಳಲ್ಲಿದ್ದದ್ದು ಸಿಕ್ಕ ಮರಗಳ ಸಹಬಾಳ್ವೆ. ಕಾಲು ಮತ್ತಿಯದು, ಚೌಕಟ್ಟು ಹೊನ್ನೆಯದು, ಹಲಗೆ ಹಲಸಿನದು ಅಥವಾ ಬೇವಿನದು, ಎಂದೋ ಮುರಿದಾಗ ಹಾಕಿದ ತೇಪೆ ಪ್ಯಾಕಿಂಗ್ ಪೆಟ್ಟಿಗೆಯದು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಸಾಲ ಮಾಡಿ ಕೊಟ್ಟ ಮಂಚ, ವರ್ಗಾವಣೆಯಾದಲ್ಲೆಲ್ಲ ಗುಮಾಸ್ತನ ಹಿಂದೆ ಊರೂರು ಅಲೆದ ಅಲ್ಮೇರ, ಒಂದು ಕಾಲು ಗಿಡ್ಡವಾದ ಕನ್ನಡಿ ಮೇಜು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಷರಶಃ ಬದುಕಿದ ಮನೆಗಳ ಸಾಮಾನು ಇದು. ಇವುಗಳ ಮರ ಗಟ್ಟಿಯಾಗಿರುತ್ತದೆ, ಕಚ್ಚು ಗೂಟಗಳ ಕೂಡಿಕೆ ಇಂದಿಗೂ ಅಲುಗುವುದಿಲ್ಲ, ಆದರೆ ನೋಟದಲ್ಲಿ ಏಕರೂಪತೆಯಿಲ್ಲ. ಬಣ್ಣ ನಿಜವಾಗಿ ವರವಾಗುವುದು ಇಂಥ ವಸ್ತುಗಳಿಗೆ. ನಾಲ್ಕು ಜಾತಿಯ ಮರಗಳನ್ನು ಒಂದು ಕುಟುಂಬವಾಗಿಸುವ ಶಕ್ತಿ ಅದಕ್ಕಿದೆ.

ಕಬ್ಬಿಣದ ಬೀರುವೂ ಈ ಗುಂಪಿನದೇ. ಗೋದ್ರೇಜ್ ಸಂಸ್ಥೆ ಉಕ್ಕಿನ ಕಪಾಟುಗಳ ತಯಾರಿಕೆಗೆ ತೊಡಗಿದ್ದು 1923ರಲ್ಲಿ. ಮುಂದೆ ಯಾವ ಕಂಪನಿಯದಾದರೂ ಕಬ್ಬಿಣದ ಬೀರು ನಮ್ಮ ಮನೆಗಳಲ್ಲಿ ‘ಗಾಡ್ರೇಜ್’ ಎಂದೇ ಕರೆಸಿಕೊಂಡಿತು. ತುಕ್ಕು ಹಿಡಿದ ಕಡೆ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಕೊಟ್ಟು, ಮೇಲೆ ಎರಡು ತೆಳು ಪದರ ಬಣ್ಣ ಹಚ್ಚಿದರೆ ಅದು ಇನ್ನೊಂದು ತಲೆಮಾರಿಗೆ ಸೀರೆ, ಚಿನ್ನ, ಪತ್ರಗಳನ್ನು ಕಾಯಬಲ್ಲದು.

ಇದಕ್ಕೆ ಪ್ರತಿಯಾಗಿ ಹೊಸತಾಗಿ ಕೊಳ್ಳುವ ಮಂಚ ಅಲ್ಮೇರಗಳಲ್ಲಿ ಬಹಳಷ್ಟು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯವು. ನೀರು ತಗುಲಿದರೆ ಉಬ್ಬುತ್ತವೆ. ತಿರುಪು ಒಮ್ಮೆ ಸಡಿಲವಾದರೆ ಮತ್ತೆ ಕಚ್ಚುವುದಿಲ್ಲ. ಮನೆ ಬದಲಿಸುವಾಗ ಬಿಚ್ಚಿ ಜೋಡಿಸಿದರೆ ಅರ್ಧ ಆಯುಷ್ಯ ಅಲ್ಲಿಗೇ ಮುಗಿಯುತ್ತದೆ. ಅವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬೀಳುವುದೂ ಉಂಟು. ಗಟ್ಟಿಮರದ ಹಳೆಯದನ್ನು ಮಾರಿ ಪುಡಿಮರದ ಹೊಸದನ್ನು ಕೊಳ್ಳುವ ವ್ಯವಹಾರದಲ್ಲಿ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತಿಗೆ ದೂರದ ಇಂಗ್ಲೆಂಡಿನದೊಂದು ನಿದರ್ಶನವಿದೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಚಿತ್ರಕಾರರಾದ ವನೆಸಾ ಬೆಲ್ ಮತ್ತು ಡಂಕನ್ ಗ್ರಾಂಟ್ ಸಸೆಕ್ಸ್ ಪ್ರಾಂತ್ಯದ ಚಾರ್ಲ್‌ಸ್ಟನ್ ಎಂಬ ತೋಟದ ಮನೆಯನ್ನು ಬಾಡಿಗೆಗೆ ಹಿಡಿದರು. ವನೆಸಾ, ಲೇಖಕಿ ವರ್ಜೀನಿಯಾ ವುಲ್ಫ್‌ಳ ಅಕ್ಕ. ಯುದ್ಧಕ್ಕೆ ಹೋಗಲೊಪ್ಪದ ಗ್ರಾಂಟ್ ಅಲ್ಲಿ ಹೊಲದ ಕೆಲಸ ಮಾಡಬೇಕಾಗಿತ್ತು. ಅವರು ಆ ಮನೆಯ ಬಾಗಿಲು, ಮಂಚ, ಕುರ್ಚಿ, ಕಪಾಟುಗಳ ಮೇಲೆಲ್ಲ ತಮ್ಮ ಕೈಯಾರೆ ಬಣ್ಣದ ಚಿತ್ತಾರ ತುಂಬಿದರು. ಇಂದು ಆ ಮನೆಯೇ ಒಂದು ವಸ್ತುಸಂಗ್ರಹಾಲಯ. ಸಾಧಾರಣ ಮರದ ಸಾಧಾರಣ ಸಾಮಾನು ಬಣ್ಣದಿಂದ ಪರಂಪರೆಯಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಎರಡನೆಯ ಪ್ರಶ್ನೆ. ಮಂಚದ ಮೇಲೆ ಮೊದಲೇ ಇರುವ ಬಣ್ಣ ಯಾವುದು?

ನಮ್ಮ ಮನೆಗಳ ಹಳೆಯ ಹಸಿರು, ಹಳದಿ, ಕೆಂಪು ಎನಾಮಲ್ ಬಣ್ಣಗಳಲ್ಲಿ ಅನೇಕವು ಸೀಸವನ್ನು ಒಳಗೊಂಡಿದ್ದವು. ಬಿಳಿಗೆ ಸೀಸದ ಬಿಳುಪು, ಹಳದಿಗೆ ಸೀಸದ ಕ್ರೋಮೇಟು, ಬೇಗ ಒಣಗಲು ಸೀಸದ ಲವಣ, ಕಬ್ಬಿಣದ ತುಕ್ಕು ತಡೆಯಲು ಸೀಸದ ಕೆಂಪು. ಸೀಸವಿದ್ದ ಬಣ್ಣ ಬಾಳಿಕೆ ಬರುತ್ತಿತ್ತು, ಹೊಳೆಯುತ್ತಿತ್ತು. ಅದರ ವಿಷ ಮಾತ್ರ ಮಕ್ಕಳ ಮಿದುಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಸುಣ್ಣದಂಶವೆಂದು ಭ್ರಮಿಸಿ ದೇಹ ಸೀಸವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಪಡಿಸಲಾಗದ್ದು. ಕಬ್ಬಿಣ, ಸುಣ್ಣದಂಶಗಳ ಕೊರತೆಯಿರುವ ಮಕ್ಕಳು ಸೀಸವನ್ನು ಇನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತಾರೆ. ಸೀಸದ ವಿಷಯದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಇದು ಹೊಸ ತಿಳಿವೇನಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿಯೇ ಮಕ್ಕಳ ಸೀಸದ ವಿಷಕ್ಕೆ ಮನೆಯ ಜಗಲಿಯ ಕಟಾಂಜನಕ್ಕೆ ಬಳಿದ ಬಣ್ಣವೇ ಕಾರಣವೆಂದು ಬರೆದರು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಣ್ಣಗಾರರ ರಕ್ಷಣೆಗಾಗಿ ಸೀಸದ ಬಿಳುಪಿನ ಕುರಿತು ಒಪ್ಪಂದವೊಂದನ್ನು ಅಂಗೀಕರಿಸಿತು. ಅಮೆರಿಕ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ಈ ಅಪಾಯವನ್ನು ಸಾರ್ವಜನಿಕ ಚರ್ಚೆಗೆ ತಂದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ವೆಂಕಟೇಶ್ ತುಪ್ಪಿಲ್ ಪ್ರಮುಖರು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ನಡೆದ ರಕ್ತಪರೀಕ್ಷೆಗಳಲ್ಲಿ ಅರ್ಧದಷ್ಟು ಮಕ್ಕಳಲ್ಲಿ ಸೀಸದ ಪ್ರಮಾಣ ಮಿತಿ ಮೀರಿದ್ದು ಕಂಡುಬಂದಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಬಣ್ಣದಿಂದ ಹೊರಬೀಳಲು ಇನ್ನೂ ಹದಿನೇಳು ವರ್ಷ ಬೇಕಾಯಿತು. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ನಿಯಮದ ಪ್ರಕಾರ ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಆದರೂ ಅಪಾಯ ಕಳೆದಿಲ್ಲ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಆತಂಕಕಾರಿ ಪ್ರಮಾಣದ ಸೀಸವಿದೆಯೆಂದು 2020ರಲ್ಲಿ ಯುನಿಸೆಫ್ ವರದಿ ಎಚ್ಚರಿಸಿತು. ಇದಕ್ಕೆ ಬಣ್ಣವೊಂದೇ ಕಾರಣವಲ್ಲ, ಆದರೆ ಬಣ್ಣವೂ ಒಂದು ಕಾರಣ.

ಇದರ ಅರ್ಥವಿಷ್ಟು. 2017ಕ್ಕೆ ಮೊದಲು ಬಣ್ಣ ಬಳಿದ ಯಾವುದೇ ಮಂಚ, ತೊಟ್ಟಿಲು, ಬೀರುವಿನಲ್ಲಿ ಸೀಸವಿರಬಹುದೆಂದೇ ಭಾವಿಸಿ ಮುಂದುವರಿಯುವುದು ವಿವೇಕ. ಬಣ್ಣ ಗಟ್ಟಿಯಾಗಿ ಕೂತಿರುವಷ್ಟು ಕಾಲ ಅದರಿಂದ ಅಪಾಯ ಕಡಿಮೆ. ಅದನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ಅಥವಾ ವಿದ್ಯುತ್ ಯಂತ್ರದಿಂದ ಉಜ್ಜಿದ ಕ್ಷಣ ಅದು ಕಣ್ಣಿಗೆ ಕಾಣದ ಧೂಳಾಗಿ ಕೋಣೆಯನ್ನೆಲ್ಲ ತುಂಬುತ್ತದೆ, ನೆಲದ ಮೇಲೆ ಕೂರುತ್ತದೆ, ತೆವಳುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಹೊಸ ಮಗುವಿನ ಆಗಮನಕ್ಕೆಂದು ಹಳೆಯ ತೊಟ್ಟಿಲನ್ನು ಉಜ್ಜಿ ಬಣ್ಣ ಬಳಿಯುವ ಸಡಗರದಲ್ಲಿ ಗರ್ಭಿಣಿಯೇ ಕೈಜೋಡಿಸುವುದನ್ನು ನೆನೆದರೆ ಈ ಮಾತಿನ ಗಾಂಭೀರ್ಯ ತಿಳಿಯುತ್ತದೆ.

ಮುಂಜಾಗ್ರತೆಗಳು ಕಷ್ಟದವಲ್ಲ. ಹಳೆಯ ಬಣ್ಣ ಎದ್ದಿಲ್ಲವಾದರೆ ಅದನ್ನು ಕೀಳುವ ಗೋಜಿಗೇ ಹೋಗಬಾರದು. ಸೋಪಿನ ನೀರಿನಲ್ಲಿ ತೊಳೆದು, ನೀರಿನಲ್ಲಿ ನೆನೆಯುವ ಉಪ್ಪುಕಾಗದದಿಂದ ಮೇಲ್ಮೈಯ ಹೊಳಪನ್ನಷ್ಟೇ ತಗ್ಗಿಸಿ, ಹೊಸ ಬಣ್ಣದ ಹೊದಿಕೆಯೊಳಗೆ ಅದನ್ನು ಬಂಧಿಸಿಡುವುದು ಲೇಸು. ಎದ್ದು ಉದುರುತ್ತಿದ್ದರೆ ಒದ್ದೆ ಮಾಡಿಯೇ ಕೆರೆಯಬೇಕು, ಅದೂ ಮನೆಯ ಹೊರಗೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಧರಿಸಿ. ಬೆಂಕಿಯ ಜ್ವಾಲೆಯಿಂದ ಬಣ್ಣ ಸುಲಿಯಬಾರದು. ಮಕ್ಕಳೂ ಗರ್ಭಿಣಿಯರೂ ಆ ದಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಕಾರ್ಖಾನೆ, ವಾಹನಗಳಿಗೆಂದು ತಯಾರಾದ ಬಣ್ಣ ಅಗ್ಗವಾಗಿ ಸಿಕ್ಕಿತೆಂದು ಮಲಗುವ ಕೋಣೆಗೆ ತರಬಾರದು. 2016ರ ನಿಯಮ ಅವುಗಳಿಗೆ ಅನ್ವಯಿಸುವುದಿಲ್ಲ.

ಹಳೆಯ ಮೈಸೂರಿನ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮುರಿದ ಮಂಚ, ಕಿತ್ತ ಕಿಟಕಿಗಳನ್ನು ಸೀಳಿ ಬಚ್ಚಲ ಹಂಡೆಯ ಒಲೆಗೆ ಹಾಕುವುದು ನಮ್ಮಲ್ಲಿ ರೂಢಿ. ಮಿತವ್ಯಯದ ದೃಷ್ಟಿಯಿಂದ ಅದು ಮೆಚ್ಚತಕ್ಕದ್ದೇ. ಆದರೆ ಬಣ್ಣ ಬಳಿದ ಮರ ಉರಿದಾಗ ಅದರಲ್ಲಿದ್ದ ಸೀಸ ಸುಟ್ಟು ಇಲ್ಲವಾಗುವುದಿಲ್ಲ. ಒಂದಂಶ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಅದೇ ಬೂದಿ ಪಾತ್ರೆ ಉಜ್ಜಲು, ಹಿತ್ತಲ ಕರಿಬೇವಿನ ಬುಡಕ್ಕೆ ಹೋಗುತ್ತದೆ. ಬಣ್ಣದ ಮರ ಒಲೆಗೆ ಸಲ್ಲದು.

ಕೆಲಸದ ವಿಧಾನದಲ್ಲಿ ತಾಳ್ಮೆಯೇ ಮುಖ್ಯ ಸಾಮಗ್ರಿ. ಮೊದಲು ದುರಸ್ತಿ, ಆಮೇಲೆ ಅಲಂಕಾರ. ಸಡಿಲವಾದ ಕೂಡಿಕೆಗಳನ್ನು ಅಂಟಿನಿಂದ ಬಿಗಿಗೊಳಿಸಬೇಕು. ತಿಗಣೆ ಅಡಗುವ ಸಂದುಗಳನ್ನು ತೊಳೆದು ಒಣಗಿಸಿ ಪುಟ್ಟಿಯಿಂದ ಮುಚ್ಚಬೇಕು. ಗೆದ್ದಲು ತಿಂದ ಭಾಗವನ್ನು ಕತ್ತರಿಸಿ ಬೇರೆ ಮರ ಕೂರಿಸಬೇಕು. ಬಣ್ಣ ರೋಗವನ್ನು ಮರೆಮಾಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಅನಂತರ ಪ್ರೈಮರ್. ಹೊನ್ನೆಯಂತಹ ಬಣ್ಣ ಬಿಡುವ ಮರಕ್ಕೆ ನೇರವಾಗಿ ಬಿಳಿ ಬಳಿದರೆ ಕೆಲವೇ ದಿನಗಳಲ್ಲಿ ಕಂದು ಕಲೆಗಳು ಮೇಲೆ ತೇಲುತ್ತವೆ. ಇದಕ್ಕೆ ಉತ್ತಮ ಪರಿಹಾರ ಮೊದಲು ಅರಗಿನ ಒಂದು ತೆಳು ಪದರ ಕೊಟ್ಟು ಮರದ ರಸವನ್ನು ಒಳಗೇ ತಡೆಯುವುದು. ಬೀಟೆಗೆ ಮೆರುಗು ಕೊಡುವ ಅರಗೇ ಇಲ್ಲಿ ಹೊಸ ಬಣ್ಣಕ್ಕೆ ತಳಹದಿಯಾಗುತ್ತದೆ. ಬಣ್ಣವನ್ನು ದಪ್ಪಗೆ ಒಂದೇ ಸಲ ಬಳಿಯದೆ ತೆಳುವಾಗಿ ಎರಡು ಮೂರು ಸಲ, ನಡುನಡುವೆ ಒಣಗಲು ಬಿಟ್ಟು ಹಚ್ಚಬೇಕು. ಮೈಸೂರಿನ ಸೀಮೆಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಇದಕ್ಕೆ ಪ್ರಶಸ್ತ. ಮಳೆಗಾಲದ ತೇವದಲ್ಲಿ ಬಳಿದ ಬಣ್ಣ ಮಂಕಾಗುತ್ತದೆ.

ಮಲಗುವ ಕೋಣೆಯ ಸಾಮಾನೆಂಬುದನ್ನೂ ಮರೆಯಬಾರದು. ದಿನದ ಮೂರನೆಯ ಒಂದು ಭಾಗವನ್ನು ನಾವು ಕಳೆಯುವುದು ಆ ಕೋಣೆಯಲ್ಲಿ, ಅದೂ ಕಿಟಕಿ ಮುಚ್ಚಿ. ಎಣ್ಣೆಬಣ್ಣದಿಂದ ಹೊರಡುವ ಆವಿಗಳು ದಿನಗಟ್ಟಲೆ ಉಳಿಯುತ್ತವೆ. ನೀರಿನಲ್ಲಿ ಕರಗುವ ಎನಾಮಲ್‌ಗಳು ಈಗ ಸುಲಭವಾಗಿ ದೊರೆಯುತ್ತವೆ. ಅವುಗಳ ವಾಸನೆ ಕಡಿಮೆ. ಯಾವುದನ್ನು ಬಳಸಿದರೂ ವಾಸನೆ ಪೂರ್ತಿ ಹೋಗುವವರೆಗೆ ಮಂಚವನ್ನು ಜಗಲಿಯಲ್ಲಿಯೇ ಇರಿಸಿ, ನೆಲದ ಮೇಲೆ ಹಾಸಿಗೆ ಹಾಸಿಕೊಳ್ಳುವುದರಿಂದ ಯಾರ ಘನತೆಗೂ ಕುಂದಿಲ್ಲ.

ಇಷ್ಟೆಲ್ಲ ಮಾಡಲು ಸಮಯವಿಲ್ಲದವರು ತಿಳಿದವರನ್ನು ಕರೆಯಬೇಕು. ಅಲ್ಲಿಯೇ ನಮ್ಮ ಇನ್ನೊಂದು ಕೊರತೆ ಎದುರಾಗುತ್ತದೆ. ಹತ್ತಿಯ ಉಂಡೆ ಹಿಡಿದು ಅರಗಿನ ಪಾಲಿಶ್ ಮಾಡಬಲ್ಲ ಕೈಗಳು ಮೈಸೂರಿನಲ್ಲಿ ಕಡಿಮೆಯಾಗುತ್ತಿವೆ. ಯಂತ್ರದಿಂದ ಸಿಂಪಡಿಸುವ ಪಾಲಿಶ್ ಬೇಗ ಮುಗಿಯುತ್ತದೆ, ಆದ್ದರಿಂದ ಅದಕ್ಕೇ ಬೇಡಿಕೆ. ಬಣ್ಣ ಬಳಿಯುವ ಕಾರ್ಮಿಕರೋ ಬಾಯಿಗೆ ಒಂದು ಕರವಸ್ತ್ರವನ್ನೂ ಕಟ್ಟದೆ ದಿನವಿಡೀ ಧೂಳು ಉಸಿರಾಡುತ್ತಾರೆ. ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಮಗುವಿನ ಕೋಣೆಯನ್ನು ಸುರಕ್ಷಿತವಾಗಿಸಿಕೊಂಡು ಅವರ ಮಗುವಿನ ಮನೆಗೆ ಸೀಸವನ್ನು ಕಳಿಸುವುದು ನ್ಯಾಯವಲ್ಲ. ಒದ್ದೆ ಮಾಡಿ ಉಜ್ಜಲು ಹೇಳುವುದು, ಮಾಸ್ಕ್ ಒದಗಿಸುವುದು, ಕೈಕಾಲು ತೊಳೆಯಲು ಸೋಪು ನೀರು ಕೊಡುವುದು ಮನೆಯೊಡೆಯರ ಕರ್ತವ್ಯ.

ಸ್ಥಳೀಯ ಸಂಸ್ಥೆಗಳೂ ಇಲ್ಲಿ ಮಾಡಬಹುದಾದದ್ದಿದೆ. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಕೀರ್ತಿ ಪಡೆದ ಊರು ಮೈಸೂರು. ಹಸಿ ಕಸ ಒಣ ಕಸಗಳನ್ನು ಬೇರ್ಪಡಿಸುವುದನ್ನು ಇಲ್ಲಿನ ಗೃಹಿಣಿಯರು ಕಲಿತಿದ್ದಾರೆ. ಆದರೆ ಮಂಚ, ಬೀರುಗಳಂತಹ ದೊಡ್ಡ ಸಾಮಾನು ಯಾವ ಕಸ? ಇಲವಾಲದಂತಹ ಬೆಳೆಯುತ್ತಿರುವ ಊರುಗಳಲ್ಲಿ, ನಗರದ ಹಳೆಯ ಮೊಹಲ್ಲಾಗಳಲ್ಲಿ ಇಂಥ ಸಾಮಾನುಗಳನ್ನು ತಂದಿಡಲು ಒಂದು ಅಂಗಳ, ಅವನ್ನು ದುರಸ್ತಿ ಮಾಡಬಲ್ಲ ನಾಲ್ಕು ಬಡಗಿಗಳು, ಅಲ್ಲಿಂದ ಕೊಂಡೊಯ್ಯಲು ಬಯಸುವ ಹೊಸ ಸಂಸಾರಗಳು ಒಂದುಗೂಡಿದರೆ ಮರ ಉಳಿಯುತ್ತದೆ, ಕಸುಬು ಉಳಿಯುತ್ತದೆ. ಕೈಗಾರಿಕಾ ತರಬೇತಿ ಸಂಸ್ಥೆಗಳು ಹೊಸ ಪೀಠೋಪಕರಣ ಮಾಡುವುದರೊಂದಿಗೆ ಹಳೆಯದನ್ನು ಉಳಿಸುವುದನ್ನೂ ಕಲಿಸಬಹುದು.

ಹೊಸ ಮನೆಗೆ ಹೊಸ ಸಾಮಾನೇ ಬೇಕೆಂಬ ಆಸೆ ತಪ್ಪಲ್ಲ. ಹಳೆಯದೆಲ್ಲ ಪವಿತ್ರವೆಂಬ ಹಟವೂ ಸರಿಯಲ್ಲ. ಬೀಟೆಗೆ ಅರಗು, ಬೆರಕೆ ಮರಕ್ಕೆ ಬಣ್ಣ, ಸೀಸದ ಅನುಮಾನವಿದ್ದಲ್ಲಿ ಒದ್ದೆ ಬಟ್ಟೆ ಮತ್ತು ಎಚ್ಚರ: ಇಷ್ಟು ವಿವೇಕವಿದ್ದರೆ ಮನೆಯ ಯಾವ ಮಂಚವೂ ಭಾರವಾಗಬೇಕಿಲ್ಲ. ಹುಟ್ಟು, ಬಾಣಂತನ, ಜ್ವರ, ಮುಪ್ಪುಗಳನ್ನೆಲ್ಲ ಹೊತ್ತ ನಾಲ್ಕು ಕಾಲುಗಳು ಇನ್ನೂ ಗಟ್ಟಿಯಾಗಿವೆಯೇ ಎಂದು ಮೊದಲು ತಟ್ಟಿ ನೋಡೋಣ. ಯಾವ ಬಣ್ಣ ಎಂಬ ಪ್ರಶ್ನೆ ಆಮೇಲಿನದು.